ಕಾವೇರಿಯ ಜೊತೆ ನಡೆದವರು ದಂಡೆಯ ಮೇಲೆ ನಡೆಯಲಿಲ್ಲ

ತಲಕಾವೇರಿಯಿಂದ, ಹೊಳೆ ಕೊಡಗನ್ನು ಬಿಡುವ ಶಿರಂಗಾಲದವರೆಗೆ ಕಾವೇರಿಯ ದಂಡೆ ಹಿಡಿದು ನಡೆಯಬೇಕೆಂಬ ಆಸೆ ಕೊಡಗಿನವರಲ್ಲೂ ಇದೆ, ಹೊರಗಿನಿಂದ ಬರುವವರಲ್ಲೂ ಇದೆ. ಹೊರಡುವ ಮುನ್ನ ಅವರಲ್ಲಿ ಕೆಲವರು ಹಳೆಯ ಪುಸ್ತಕಗಳನ್ನು ಹುಡುಕುತ್ತಾರೆ. ನೂರೈವತ್ತು, ಇನ್ನೂರು ವರ್ಷಗಳ ಹಿಂದೆ ಯಾರಾದರೂ ನಡೆದು ಬರೆದಿದ್ದರೆ ಅದೇ ಜಾಡು ಹಿಡಿಯಬಹುದಲ್ಲ ಎಂಬುದು ಲೆಕ್ಕ. ಪುಸ್ತಕಗಳು ಸಿಗುತ್ತವೆ, ಜಾಡು ಸಿಗುವುದಿಲ್ಲ. ಹುಟ್ಟಿದ ಜಾಗದ ವರ್ಣನೆ ಇರುತ್ತದೆ, ದಾಟುವ ಕಡವುಗಳ ಮಾತು ಇರುತ್ತದೆ, ಉಪನದಿಗಳ ಹೆಸರುಗಳು ಸಾಲಾಗಿ ಬರುತ್ತವೆ. ಆದರೆ ಇಂದು ಇಲ್ಲಿಂದ ಹೊರಟೆ, ಹೊಳೆಯನ್ನು ಬಲಕ್ಕೆ ಇಟ್ಟುಕೊಂಡು ಇಷ್ಟು ದೂರ ನಡೆದೆ ಎಂಬ ಬಗೆಯ ಬರವಣಿಗೆಯನ್ನು ನಿರೀಕ್ಷಿಸಿದವರಿಗೆ ನಿರಾಸೆ ಖಂಡಿತ. ಅದಕ್ಕೆ ಕಾರಣ ಬಹುಮಟ್ಟಿಗೆ ಕೊಡಗಿನ ನೆಲದಲ್ಲೇ ಇದೆ. ಆ ನೆಲ ಹೇಗಿದೆ ಎಂದು ಒಮ್ಮೆ ತಿಳಿದುಕೊಂಡರೆ ಹಳೆಯ ಬರಹಗಳೂ ತೆರೆದುಕೊಳ್ಳುತ್ತವೆ.

ಮೊದಲು ಬರೆದವರು ಯಾರು ಎಂಬುದನ್ನು ನೋಡೋಣ. ಹತ್ತೊಂಬತ್ತನೇ ಶತಮಾನದ ಕೊಡಗಿನ ಬಗ್ಗೆ ಓದುವಾಗ ಮೂರು ಹೆಸರುಗಳು ಪದೇ ಪದೇ ಎದುರಾಗುತ್ತವೆ. ಲೆಫ್ಟಿನೆಂಟ್ ಕಾನರ್ ಸರ್ವೆ ಅಧಿಕಾರಿ. 1815ರಿಂದ 1817ರವರೆಗೆ ಕೊಡಗನ್ನು ಅಳೆದು, ನಕ್ಷೆಯ ಜೊತೆಗೆ ಒಂದು ದೀರ್ಘ ವರದಿಯನ್ನೂ ಬರೆದರು. ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರು ಎಂದೇ ನಮಗೆ ಅವರ ಪರಿಚಯ. ಅವರು 1853ರಲ್ಲಿ ಕೊಡಗಿಗೆ ಬಂದು ನೆಲೆಸಿದರು, 1855ರಲ್ಲಿ ಕೊಡಗಿನ ಚರಿತ್ರೆ ಮತ್ತು ಮಿಷನ್ನಿನ ಕೆಲಸವನ್ನು ಕುರಿತ ಪುಸ್ತಕವನ್ನು ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮೂರನೆಯವರು ರಿಕ್ಟರ್. ಅವರೂ ಬಾಸೆಲ್ ಮಿಷನ್ನಿನವರೇ. ಮಡಿಕೇರಿಯಲ್ಲಿ ಶಾಲೆ ನಡೆಸುತ್ತಿದ್ದ ಅವರು 1870ರಲ್ಲಿ ಕೊಡಗಿನ ಗೆಜೆಟಿಯರ್ ಎನ್ನಬಹುದಾದ ಕೈಪಿಡಿಯನ್ನು ಮಂಗಳೂರಿನಿಂದ ಪ್ರಕಟಿಸಿದರು.

ಇಲ್ಲಿ ಒಂದು ತೊಡಕಿದೆ. ಕಾನರ್ ಅವರ ವರದಿ ಬರೆದಾಗಿನಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಸ್ತಪ್ರತಿಯಾಗಿಯೇ ಉಳಿದಿತ್ತು. ಅದು ಪುಸ್ತಕವಾಗಿ ಹೊರಬಂದದ್ದು 1870ರಲ್ಲಿ, ಅಂದರೆ ರಿಕ್ಟರ್ ಅವರ ಕೈಪಿಡಿ ಬಂದ ವರ್ಷವೇ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಮುಖಪುಟದ ಇಸವಿ ನೋಡಿದರೆ ಸಮಕಾಲೀನ ಬರಹಗಳು ಅನ್ನಿಸುತ್ತವೆ. ಅಲ್ಲ. ಒಂದರಲ್ಲಿ ಲಿಂಗರಾಜೇಂದ್ರ ಆಳುತ್ತಿದ್ದಾನೆ, ಕಾವೇರಿ ಒಂದು ಸ್ವತಂತ್ರ ರಾಜ್ಯದೊಳಗೆ ಹರಿಯುತ್ತಿದೆ. ಇನ್ನೊಂದರಲ್ಲಿ ರಾಜಮನೆತನವನ್ನು ಇಳಿಸಿ ಮೂವತ್ತಾರು ವರ್ಷಗಳಾಗಿವೆ, ಕಮಿಷನರ್ ಆಡಳಿತವಿದೆ, ಗುಡ್ಡಗಳ ಮೇಲೆ ಕಾಫಿ ಬಂದಿದೆ. ನಡುವೆ 1834ರ ಏಪ್ರಿಲ್ ಇದೆ. ಕಂಪನಿಯ ಸೈನ್ಯ ಹಲವು ದಿಕ್ಕುಗಳಿಂದ ನುಗ್ಗಿದ್ದು, ಮೈಸೂರು ಕಡೆಯ ತುಕಡಿ ಕಾವೇರಿ ದಾಟಿ ಮಡಿಕೇರಿ ಕೋಟೆಯ ಮೇಲೆ ಬಾವುಟ ಏರಿಸಿದ್ದು ಆಗಲೇ. ಕೊಡಗಿನ ಹಳೆಯ ವರ್ಣನೆಗಳನ್ನು ಉಲ್ಲೇಖಿಸುವ ಲೇಖನಗಳಲ್ಲಿ ಈ ಎರಡೂ ಪುಸ್ತಕಗಳನ್ನು ಒಂದೇ ಕಾಲದ ಸಾಕ್ಷಿಗಳಂತೆ ಬೆರೆಸಿಬಿಟ್ಟರೆ ಓದುಗ ದಾರಿ ತಪ್ಪುತ್ತಾನೆ.

ಇನ್ನು ನೆಲದ ಮಾತು. ತಲಕಾವೇರಿ ಇರುವುದು ಬ್ರಹ್ಮಗಿರಿಯ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ 1,200 ಮೀಟರಿಗೂ ಮೇಲೆ. ಅಲ್ಲಿಂದ ಪಶ್ಚಿಮದ ಕಡಲು ನೇರ ಗೆರೆಯಲ್ಲಿ ಸುಮಾರು 50 ಕಿಲೋಮೀಟರ್ ದೂರ. ಪೂರ್ವಕ್ಕೆ ಕುಶಾಲನಗರವೂ ನೇರ ಗೆರೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ. ಬೆಟ್ಟದ ನೆತ್ತಿಯ ಆಚೆ ಬಿದ್ದ ಮಳೆನೀರು ಕಾಸರಗೋಡಿನ ಕಡೆಗೆ ಇಳಿದು ಕೆಲವೇ ದಿನಗಳಲ್ಲಿ ಅರಬ್ಬೀ ಸಮುದ್ರ ಸೇರಿದರೆ, ಈಚೆ ಬಿದ್ದದ್ದು ಸುಮಾರು 800 ಕಿಲೋಮೀಟರ್ ಹರಿದು ಬಂಗಾಳಕೊಲ್ಲಿಗೆ ಹೋಗುತ್ತದೆ.

ತಲಕಾವೇರಿಯಿಂದ ಭಾಗಮಂಡಲಕ್ಕೆ ರಸ್ತೆಯಲ್ಲಿ ಎಂಟು ಕಿಲೋಮೀಟರ್. ಅಷ್ಟರಲ್ಲಿ ನೆಲ ಮುನ್ನೂರು ಮೀಟರಿಗೂ ಹೆಚ್ಚು ಇಳಿಯುತ್ತದೆ. ಭಾಗಮಂಡಲದ ಎತ್ತರ 900 ಮೀಟರಿನ ಆಸುಪಾಸು, ಕುಶಾಲನಗರದ್ದು 830ರ ಆಸುಪಾಸು. ಅಂದರೆ ಕೊಡಗಿನೊಳಗೆ ನದಿ ಇಳಿಯುವ ಇಳಿತದ ಬಹುಪಾಲು ಮೊದಲ ಕೆಲವು ಕಿಲೋಮೀಟರುಗಳಲ್ಲೇ ಮುಗಿದುಹೋಗುತ್ತದೆ. ಆಮೇಲೆ ಉಳಿದ ಎಪ್ಪತ್ತು ಚಿಲ್ಲರೆ ಮೀಟರುಗಳನ್ನು ಇಳಿಯಲು ಅದು ನಾಪೋಕ್ಲು, ಬಲಮುರಿ, ಬೇತ್ರಿ, ಸಿದ್ದಾಪುರ, ದುಬಾರೆ ಎಂದು ಸುತ್ತಾಡುತ್ತದೆ. ಮೊದಲು ಆಗ್ನೇಯಕ್ಕೆ ಜಾರಿ, ಸಿದ್ದಾಪುರ ದಾಟಿದ ಮೇಲೆ ಉತ್ತರಕ್ಕೆ ಮುಖ ಮಾಡಿ ಕುಶಾಲನಗರದತ್ತ ಏರುತ್ತದೆ. ಏರುತ್ತದೆ ಎಂದದ್ದು ನಕ್ಷೆಯ ಮೇಲೆ ಮಾತ್ರ. ದಕ್ಷಿಣ ಭಾರತದ ನದಿಯೊಂದು ಇಷ್ಟು ದೂರ ಉತ್ತರಕ್ಕೆ ಹರಿಯುವುದನ್ನು ಮೊದಲ ಬಾರಿಗೆ ನಕ್ಷೆಯಲ್ಲಿ ನೋಡಿದವರು ಕಾಗದವನ್ನು ತಿರುಗಿಸಿ ನೋಡುವುದುಂಟು.

ಇಳಿಜಾರು ಕಡಿಮೆ, ಮಳೆ ವಿಪರೀತ. ಭಾಗಮಂಡಲದ ಸುತ್ತ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ ಸುರಿಯುತ್ತದೆ, ಕುಶಾಲನಗರದಲ್ಲಿ ಬೀಳುವುದು ಸಾವಿರದ ಚಿಲ್ಲರೆ. ಮೇಲೆ ಸುರಿದದ್ದೆಲ್ಲ ಕೆಳಗೆ ನಿಧಾನವಾಗಿ ಸಾಗಬೇಕು, ಸಾಗಲಾರದಾಗ ಅಕ್ಕಪಕ್ಕದ ತಗ್ಗಿಗೆ ಹರಡಬೇಕು. ಆ ತಗ್ಗೇ ಗದ್ದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊಳೆ ಎಲ್ಲಿ ಮುಗಿದು ಗದ್ದೆ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಎಷ್ಟೋ ಕಡೆ ಕಷ್ಟ. ಬೇಸಿಗೆಯಲ್ಲಿ ಸಿದ್ದಾಪುರದ ಹತ್ತಿರದ ಕರಡಿಗೋಡಿನ ಬಳಿ ನೀರಿಗೆ ಇಳಿದು ತಲೆಯೆತ್ತಿ ನೋಡಬೇಕು. ಕಾಲಡಿಯಲ್ಲಿ ಮೊಣಕಾಲುದ್ದ ನೀರು, ನಡುನಡುವೆ ಒಣಬಂಡೆ. ತಲೆಯಿಂದ ಎಷ್ಟೋ ಮೇಲೆ, ದಂಡೆಯ ಮರದ ಕೊಂಬೆಗಳಲ್ಲಿ ಒಣಹುಲ್ಲಿನ ಸಿಂಬೆ, ಬಿದಿರಿನ ಸಿಬಿರು, ಹರಿದ ಸೀರೆಯ ತುಂಡು, ಪ್ಲಾಸ್ಟಿಕ್ ಚೀಲ ತೂಗಾಡುತ್ತಿರುತ್ತವೆ. ಕಳೆದ ಮಳೆಗಾಲದಲ್ಲಿ ನೀರು ಅಲ್ಲಿತ್ತು. ದಂಡೆ ಎಂದು ಕರೆಯುವ ಆ ಕಡಿದಾದ ಮಣ್ಣಿನ ಗೋಡೆಯ ಮೇಲೆ ಶಾಶ್ವತವಾದ ಕಾಲುದಾರಿ ಉಳಿಯುವುದಾದರೂ ಹೇಗೆ?

ಜನ ಎಲ್ಲಿ ನಡೆಯುತ್ತಿದ್ದರು ಎಂಬುದಕ್ಕೆ ಕೊಡಗಿನ ಮನೆ ಮತ್ತು ಜಮೀನಿನ ವ್ಯವಸ್ಥೆ ಉತ್ತರ ಕೊಡುತ್ತದೆ. ಕಣಿವೆಯ ತಳದಲ್ಲಿ ಭತ್ತದ ಗದ್ದೆ. ಗದ್ದೆಯ ಅಂಚಿನಿಂದ ತುಸು ಮೇಲೆ ಮನೆತನದ ಮೂಲಮನೆಯಾದ ಐನ್‌ಮನೆ. ಮನೆಯ ಹಿಂದೆ ಬಾಣೆ, ಅಂದರೆ ಗದ್ದೆಗೆ ಅಂಟಿಕೊಂಡಂತೆ ಸೌದೆ, ಸೊಪ್ಪು, ದನದ ಮೇವಿಗೆಂದು ಬಿಟ್ಟುಕೊಟ್ಟ ಕಾಡು. ಅದರ ಮೇಲೆ ಬೆಟ್ಟದ ಏಣು, ಅಂದರೆ ನೆತ್ತಿಯ ಸಾಲು. ನಡುವೆ ಎಲ್ಲೋ ಒಂದು ದೇವರಕಾಡು, ಅದರೊಳಗೆ ಕೊಡಲಿ ಹಾಕುವಂತಿಲ್ಲ. ಜಿಲ್ಲೆಯಲ್ಲಿ ಇಂದಿಗೂ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಮನೆಗೆ ಹೋಗಲು ಎರಡು ಬದಿ ಮಣ್ಣಿನ ದಿಬ್ಬವಿರುವ, ತಗ್ಗಿನಲ್ಲಿ ಬಳಸಿಕೊಂಡು ಸಾಗುವ ಓಣಿ. ಇವೆಲ್ಲದರ ನಡುವೆ ಕಡಂಗಗಳು. ಹಳೆಯ ಕಾಲದಲ್ಲಿ ರಕ್ಷಣೆಗೂ ಗಡಿಗೂ ತೋಡಿದ ಆಳವಾದ ಅಗಳು ಮತ್ತು ಏರಿ ಅವು, ಗುಡ್ಡ ಹತ್ತಿ ಇಳಿದು ಮೈಲಿಗಟ್ಟಲೆ ಸಾಗುತ್ತವೆ. ವಿರಾಜಪೇಟೆ ಕಡೆ ಕಡಂಗ ಎಂಬ ಊರೇ ಇದೆ. ಹತ್ತೊಂಬತ್ತನೇ ಶತಮಾನದ ಬರಹಗಾರರೆಲ್ಲರೂ ಈ ಕಡಂಗಗಳನ್ನು ಕಂಡು ಬೆರಗಾದವರೇ.

ಹೀಗಿರುವಲ್ಲಿ ಒಂದು ನಾಡಿನಿಂದ ಇನ್ನೊಂದು ನಾಡಿಗೆ ಹೋಗುವವರು ನೀರಿನ ಮಗ್ಗುಲು ಬಿಟ್ಟು ಏಣು ಹಿಡಿಯುತ್ತಿದ್ದರು. ಏಣಿನ ಮೇಲೆ ನೆಲ ಬೇಗ ಒಣಗುತ್ತದೆ, ಜಿಗಣೆ ಕಡಿಮೆ, ದಿಕ್ಕು ಕಾಣುತ್ತದೆ. ಕೆಳಗೆ ನಡೆದರೆ ಪ್ರತಿ ಮೈಲಿಗೂ ಒಂದು ತೊರೆ ಅಡ್ಡ ಬರುತ್ತದೆ. ಕಕ್ಕಬ್ಬೆ ಹೊಳೆ, ಕದನೂರು ಹೊಳೆ, ಕುಮ್ಮೆ ಹೊಳೆ ದಕ್ಷಿಣದಿಂದ, ಮುತ್ತಾರ್ಮುಡಿ, ಚಿಕ್ಕಹೊಳೆ, ಹಾರಂಗಿ ಉತ್ತರದಿಂದ ಬಂದು ಕಾವೇರಿಗೆ ಬೀಳುತ್ತವೆ. ಗೆಜೆಟಿಯರುಗಳು ಈ ಹೆಸರುಗಳನ್ನು ಒಂದು ವಾಕ್ಯದಲ್ಲಿ ಪೋಣಿಸಿ ಮುಂದೆ ಹೋಗುತ್ತವೆ. ಒಂದೊಂದೂ ಕೆಸರುಗದ್ದೆಯ ಬಾಯಲ್ಲಿ ಸೇರುವುದರಿಂದ, ದಂಡೆಯಲ್ಲಿ ನಡೆಯಹೊರಟವನಿಗೆ ಒಂದೊಂದೂ ಒಂದು ದಿನದ ಬಳಸುದಾರಿ. ಇಂದಿನ ರಸ್ತೆಗಳನ್ನು ಗಮನಿಸಿದರೂ ಇದು ಕಾಣುತ್ತದೆ. ಕೊಡಗಿನ ದೊಡ್ಡ ರಸ್ತೆಗಳು ಕಾವೇರಿಯನ್ನು ದಾಟುತ್ತವೆ. ಬೇತ್ರಿಯಲ್ಲಿ, ನೆಲ್ಯಹುದಿಕೇರಿ–ಸಿದ್ದಾಪುರದ ನಡುವೆ, ಕುಶಾಲನಗರದಲ್ಲಿ ಅಡ್ಡಹಾಯ್ದು ಹೋಗುತ್ತವೆ. ನದಿಯ ಗುಂಟ ಉದ್ದಕ್ಕೂ ಸಾಗುವ ಹೆದ್ದಾರಿ ಇಲ್ಲ.

ಹಾಗಾದರೆ ದಂಡೆಯಲ್ಲಿ ನಡೆಯದ ಕಾನರ್ ಅವರಿಗೆ ನದಿಯ ಗೆರೆಯನ್ನು ನಕ್ಷೆಯ ಮೇಲೆ ಎಳೆಯಲು ಸಾಧ್ಯವಾದದ್ದು ಹೇಗೆ? ಸರ್ವೆಯವರು ನದಿಯನ್ನು ಬೆಟ್ಟದ ಮೇಲಿನಿಂದ ಹಿಡಿಯುತ್ತಿದ್ದರು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ರೂಢಿಗೆ ತಂದ ಕ್ರಮ ಅದು, ಕಾನರ್ ಆ ಪರಂಪರೆಯಲ್ಲಿ ಪಳಗಿದವರು. ಎರಡು ಎತ್ತರದ ಜಾಗಗಳ ನಡುವಿನ ದೂರ ಗೊತ್ತಿದೆ ಎಂದುಕೊಳ್ಳಿ. ಮೊದಲ ಬೆಟ್ಟದ ಮೇಲೆ ಮುಕ್ಕಾಲಿಯ ಮೇಲೊಂದು ಮಟ್ಟಸವಾದ ಹಲಗೆ, ಹಲಗೆಯ ಮೇಲೆ ಕಾಗದ, ಕಾಗದದ ಮೇಲೆ ಎರಡು ತುದಿಗಳಲ್ಲಿ ಇಣುಕುಕಿಂಡಿ ಇರುವ ಅಳತೆಪಟ್ಟಿ. ಕೆಳಗೆ ಹೊಳೆಯ ತಿರುವಿನಲ್ಲಿ ಎದ್ದು ಕಾಣುವ ಮರವೊಂದಕ್ಕೋ ಗುಡಿಯ ಮಾಡಿಗೋ ಗುರಿಯಿಟ್ಟು ಪಟ್ಟಿಯ ಗುಂಟ ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. ಮರ ಆ ಗೆರೆಯ ಮೇಲೆ ಎಲ್ಲೋ ಇದೆ, ಎಲ್ಲಿ ಎಂದು ಇನ್ನೂ ಗೊತ್ತಿಲ್ಲ. ಹಲಗೆಯನ್ನು ಎರಡನೇ ಬೆಟ್ಟಕ್ಕೆ ಹೊತ್ತುಕೊಂಡು ಹೋಗಿ, ಹಿಂದಿನ ಬೆಟ್ಟದ ದಿಕ್ಕಿಗೆ ಸರಿಯಾಗಿ ನಿಲ್ಲಿಸಿ, ಅದೇ ಮರಕ್ಕೆ ಮತ್ತೆ ಗುರಿಯಿಟ್ಟು ಇನ್ನೊಂದು ಗೆರೆ ಎಳೆಯುತ್ತಾರೆ. ಎರಡು ಗೆರೆಗಳು ಕೂಡಿದ ಬಿಂದುವೇ ಮರ. ಹೀಗೆ ಕೂಡಿಸಿದ ಬಿಂದುಗಳ ನಡುವೆ, ಮೇಲಿನಿಂದ ಕಾಣುವಂತೆ ಹೊಳೆಯ ಸೊಟ್ಟಂಪಟ್ಟ ಗೆರೆಯನ್ನು ಕೈಯಿಂದ ತುಂಬುತ್ತಾರೆ. ಮಂಜು ಮುಸುಕಿದರೆ ಅಂದಿನ ಕೆಲಸ ಅಲ್ಲಿಗೆ ನಿಂತಿತು. ಕಾಡು ದಟ್ಟವಾಗಿದ್ದರೆ ನೀರೇ ಕಾಣುವುದಿಲ್ಲ, ಎರಡು ಸಾಲು ಮರಗಳ ನಡುವಿನ ನೆರಳಿನ ಪಟ್ಟಿಯನ್ನೇ ಹೊಳೆ ಎಂದುಕೊಳ್ಳಬೇಕು.

ಬ್ರಹ್ಮಗಿರಿಯ ಮೆಟ್ಟಿಲು ಹತ್ತಿ ತುದಿಯಲ್ಲಿ ನಿಂತವರಿಗೆ ಈ ಕ್ರಮ ಚೆನ್ನಾಗಿ ಅರ್ಥವಾಗುತ್ತದೆ. ಡಿಸೆಂಬರಿನ ತಿಳಿ ಬೆಳಗಿನಲ್ಲಿ ಪೂರ್ವಕ್ಕೆ ನೋಡಿದರೆ ಬೆಟ್ಟದ ಸಾಲುಗಳು ಒಂದರ ಹಿಂದೊಂದು ಬಿಡಿಸಿಕೊಳ್ಳುತ್ತವೆ, ನಡುವಿನ ತಗ್ಗುಗಳಲ್ಲಿ ಮಂಜು ಕಟ್ಟಿರುತ್ತದೆ. ಆ ಮಂಜಿನ ಪಟ್ಟಿಯನ್ನು ಕಣ್ಣಿನಿಂದ ಹಿಂಬಾಲಿಸಿದರೆ ಕಾವೇರಿ ಯಾವ ಕಡೆ ಹೋಗಿದೆ ಎಂದು ತಿಳಿಯುತ್ತದೆ. ಕಣಿವೆಯೊಳಗೆ ಇಳಿದವನಿಗೆ ಅದು ತಿಳಿಯುವುದಿಲ್ಲ.

ದೂರದ ಲೆಕ್ಕದಲ್ಲೂ ಎಚ್ಚರ ಬೇಕು. ಅಂದಿನ ಸರ್ವೆಗಳಲ್ಲಿ ದಾರಿಯ ಉದ್ದವನ್ನು ಅಳೆಯಲು ಸುತ್ತು ಎಣಿಸುವ ಗಾಲಿಯನ್ನು ತಳ್ಳಿಕೊಂಡು ಹೋಗುವುದಿತ್ತು. ಗಾಲಿ ಏರನ್ನೂ ಎಣಿಸುತ್ತದೆ, ಇಳಿತವನ್ನೂ ಎಣಿಸುತ್ತದೆ, ತಿರುವುಗಳನ್ನೆಲ್ಲ ಸೇರಿಸಿಕೊಳ್ಳುತ್ತದೆ. ನಕ್ಷೆ ಇದ್ಯಾವುದನ್ನೂ ಎಣಿಸುವುದಿಲ್ಲ. ಭಾಗಮಂಡಲದಿಂದ ತಲಕಾವೇರಿಗೆ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಆದರೆ, ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಅದರ ಅರ್ಧದಷ್ಟೇ. ಹಾಗಾಗಿ ಹಳೆಯ ಪುಸ್ತಕವೊಂದು ಎರಡು ಊರುಗಳ ನಡುವೆ ಇಷ್ಟು ಮೈಲಿ ಎಂದರೆ, ಅದು ನಡೆದ ಮೈಲಿಯೋ ನಕ್ಷೆಯ ಮೈಲಿಯೋ ಎಂದು ಕೇಳಿಕೊಳ್ಳದೆ ಇಂದಿನ ಮೊಬೈಲ್ ನಕ್ಷೆಯೊಂದಿಗೆ ಹೋಲಿಸಿ ಲೇಖಕರನ್ನು ತಪ್ಪುಗಾರರನ್ನಾಗಿ ಮಾಡುವುದು ನ್ಯಾಯವಲ್ಲ.

ಕಾನರ್ ಬರೆದದ್ದು ಪ್ರವಾಸಕಥನವಲ್ಲ ಎಂಬುದನ್ನೂ ನೆನಪಿಡಬೇಕು. ಮೆಕೆಂಜಿಯ ಪದ್ಧತಿಯಲ್ಲಿ ನಕ್ಷೆಯ ಜೊತೆ ಒಂದು ವರದಿಯನ್ನೂ ಒಪ್ಪಿಸಬೇಕಿತ್ತು. ನೆಲ, ನೀರು, ಬೆಳೆ, ಮನೆ, ಜನ, ಆಡಳಿತ, ಹೀಗೆ ಗೆರೆಯಲ್ಲಿ ತೋರಿಸಲಾಗದ್ದನ್ನು ಮಾತಿನಲ್ಲಿ ಹೇಳುವ ವರದಿ ಅದು. ನದಿ ಅದರಲ್ಲಿ ಒಂದು ಅಧ್ಯಾಯದ ವಸ್ತು. ನಡೆದವನ ಕಾಲಿನ ಬೊಬ್ಬೆಗೆ ಅಲ್ಲಿ ಜಾಗವಿಲ್ಲ. ಹೊರೆ ಹೊತ್ತವರು, ಗಾಲಿ ತಳ್ಳಿದವರು, ಬಾವುಟ ಹಿಡಿದು ಎದುರು ಬೆಟ್ಟದಲ್ಲಿ ನಿಂತವರು, ಕಾಡಿನೊಳಗೆ ದಾರಿ ತೋರಿಸಿದವರು ಇವರಿಗೂ ಮುಖಪುಟದಲ್ಲಿ ಜಾಗವಿಲ್ಲ. ಅವರಿಲ್ಲದೆ ಒಂದೇ ಒಂದು ಬಿಂದುವೂ ಕೂಡುತ್ತಿರಲಿಲ್ಲ ಎಂಬುದನ್ನು ಓದುಗರೇ ಸೇರಿಸಿಕೊಳ್ಳಬೇಕು.

ಮೋಗ್ಲಿಂಗ್ ಅವರ ನಡಿಗೆಯ ಬಗೆಯೇ ಬೇರೆ. ಅವರನ್ನು ಕೊಡಗಿಗೆ ಎಳೆದದ್ದು ಅಲ್ಮಂಡ ಸೋಮಯ್ಯ ಎಂಬ ಕೊಡವ, ದೀಕ್ಷೆ ಬೇಡಿ ಮಂಗಳೂರಿನ ಮಿಷನ್ನಿಗೆ ಬಂದವರು. ಮುಂದೆ ಅಮ್ಮತ್ತಿ ಕಡೆ ಆನಂದಪುರ ಎಂಬ ವಸತಿ ಹುಟ್ಟಿತು, ಊರು ಈಗಲೂ ಇದೆ. ಆನಂದಪುರ ಕಾವೇರಿಯ ದಕ್ಷಿಣಕ್ಕೆ, ಮಡಿಕೇರಿ ಉತ್ತರಕ್ಕೆ. ನಡುವೆ ಹೊಳೆ. ಓಡಾಡಬೇಕೆಂದರೆ ಪ್ರತಿ ಸಲವೂ ದಾಟಲೇಬೇಕು. ಇಂಥವರ ಮನಸ್ಸಿನಲ್ಲಿ ನದಿ ಉದ್ದವಾಗಿ ಉಳಿಯುವುದಿಲ್ಲ, ಅಡ್ಡವಾಗಿ ಉಳಿಯುತ್ತದೆ. ದೋಣಿ ಇದೆಯೇ, ನೀರು ಇಳಿದಿದೆಯೇ, ಇಂದು ದಾಟಬಹುದೇ ಎಂಬುದೇ ಚಿಂತೆ. ಮಿಷನ್ನಿನ ಬರಹಗಳು ಯುರೋಪಿನಲ್ಲಿ ಹಣ ಕೊಡುವ ಭಕ್ತರಿಗಾಗಿಯೂ ಬರೆದವು. ಮೋಗ್ಲಿಂಗ್ ಮತ್ತು ವೈಟ್‌ಬ್ರೆಕ್ಟ್ ಸೇರಿ ಕೊಡಗಿನ ಬಗ್ಗೆ ಜರ್ಮನ್ ಭಾಷೆಯಲ್ಲೇ 1866ರಲ್ಲಿ ಒಂದು ಪುಸ್ತಕ ತಂದರು. ಅಲ್ಲಿನ ಓದುಗರಿಗೆ ಬೇಕಾದದ್ದು ಮನುಷ್ಯರ ಕಥೆ. ರಾಜಮನೆತನದ ಕ್ರೌರ್ಯದ ಕಥೆಗಳನ್ನು ಅಷ್ಟು ವಿಸ್ತಾರವಾಗಿ ಬರೆದಿರುವುದನ್ನು ಓದುವಾಗ ಈ ಓದುಗವರ್ಗವನ್ನು ಮರೆಯಬಾರದು.

ರಿಕ್ಟರ್ ಶಾಲೆಯ ಮನುಷ್ಯ. ಮಡಿಕೇರಿಯಲ್ಲಿ ವರ್ಷಗಟ್ಟಲೆ ಇದ್ದವರು, ಕೊಡವ ಹುಡುಗರಿಗೆ ಪಾಠ ಹೇಳಿದವರು. ಆ ಹುಡುಗರ ಮನೆಗಳಿಂದ ಬಂದ ಸಂಗತಿಗಳು ಅವರ ಪುಸ್ತಕದಲ್ಲಿ ತುಂಬಿವೆ ಎಂದು ನನಗೆ ಅನ್ನಿಸುತ್ತದೆ. ಮದುವೆ, ಸುಗ್ಗಿಹಬ್ಬ ಹುತ್ತರಿ, ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದ್, ಸಾವಿನ ವಿಧಿಗಳನ್ನೆಲ್ಲ ಹೊರಗಿನಿಂದ ನೋಡಿದವನಿಗಿಂತ ಹತ್ತಿರದಿಂದ ಬರೆದಿದ್ದಾರೆ. ನದಿಯ ವಿಷಯದಲ್ಲಿ ಅವರು ಮಾಡಿದ ಮುಖ್ಯ ಕೆಲಸ ಕಾವೇರಿ ಮಾಹಾತ್ಮ್ಯದ ಸಾರವನ್ನು ಪುಸ್ತಕಕ್ಕೆ ಸೇರಿಸಿದ್ದು. ಮೂವರಲ್ಲಿ ಒಬ್ಬರನ್ನೇ ಓದಲು ಸಮಯವಿದೆ ಎನ್ನುವವರಿಗೆ ನಾನು ರಿಕ್ಟರ್ ಅವರನ್ನೇ ಸೂಚಿಸುತ್ತೇನೆ. ಮಿಷನರಿಯ ಕನ್ನಡಕ ಅಲ್ಲೂ ಇದೆ, ನಿಜ. ಆದರೆ ವಿವರಗಳ ಹಸಿವು ಅದಕ್ಕಿಂತ ದೊಡ್ಡದು.

ಮಾಹಾತ್ಮ್ಯದ ಕಥೆ ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ಕವೇರ ಮುನಿಯ ಸಾಕುಮಗಳನ್ನು ಅಗಸ್ತ್ಯ ಮದುವೆಯಾಗುತ್ತಾನೆ, ಒಬ್ಬಳನ್ನೇ ಬಿಟ್ಟು ಹೋಗುವುದಿಲ್ಲ ಎಂದು ಮಾತು ಕೊಡುತ್ತಾನೆ. ಒಂದು ದಿನ ಅವಳನ್ನು ಕಮಂಡಲದಲ್ಲಿಟ್ಟು, ಶಿಷ್ಯರನ್ನು ಕಾವಲಿಟ್ಟು ಸ್ನಾನಕ್ಕೆ ಹೋಗುತ್ತಾನೆ. ಮಾತು ತಪ್ಪಿದ್ದಕ್ಕೆ ಅವಳು ಉಕ್ಕಿ ಹರಿದುಬಿಡುತ್ತಾಳೆ. ಶಿಷ್ಯರು ತಡೆಯಲು ಬಂದಾಗ ನೆಲದೊಳಗೆ ಇಳಿದು ಭಾಗಮಂಡಲದ ಬಳಿ ಮೇಲೆ ಬರುತ್ತಾಳೆ. ಬಲಮುರಿಯಲ್ಲಿ ಜನ ಸೇರಿ ತಡೆಯುತ್ತಾರೆ, ಅವಳು ರಭಸದಿಂದ ಬಲಕ್ಕೆ ತಿರುಗಿದಾಗ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯುತ್ತದೆ. ಕೊಡವ ಹೆಂಗಸರು ಇಂದಿಗೂ ನೆರಿಗೆಯನ್ನು ಹಿಂದೆ ಇಡುವುದು ಅದಕ್ಕೆ.

ಇದನ್ನು ಕೇವಲ ಪುರಾಣ ಎಂದು ಬದಿಗಿಡುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಕಥೆಯೊಳಗೆ ನೆಲದ ಸರಿಯಾದ ತಿಳಿವಳಿಕೆ ಇದೆ. ತಲಕಾವೇರಿಯ ಕುಂಡಿಕೆಯಿಂದ, ಅಂದರೆ ಉಗಮದ ಪುಟ್ಟ ಕೊಳದಿಂದ, ಕಣ್ಣಿಗೆ ಕಾಣುವ ಹೊಳೆಯೇನೂ ಹೊರಡುವುದಿಲ್ಲ. ಮಳೆಗಾಲ ಕಳೆದ ಮೇಲೆ ಹೋದವರು ಇಷ್ಟೇನಾ ಎಂದು ಕೇಳುವುದು ಅದಕ್ಕೇ. ಬೆಟ್ಟದ ಮೇಲಿನ ಹುಲ್ಲುಗಾವಲು ಮತ್ತು ಶೋಲೆಕಾಡು ಹೀರಿಕೊಂಡ ಮಳೆನೀರು ಮಣ್ಣು, ಬಂಡೆಯ ಬಿರುಕುಗಳಲ್ಲಿ ಇಳಿದು, ಕೆಳಗಿನ ಮಗ್ಗುಲುಗಳಲ್ಲಿ ಒರತೆಯಾಗಿ ಜಿನುಗಿ, ಒರತೆಗಳು ಕೂಡಿ ತೊರೆಯಾಗಿ, ಭಾಗಮಂಡಲದ ಹೊತ್ತಿಗೆ ಹೊಳೆ ಎನ್ನಬಹುದಾದ ರೂಪ ಪಡೆಯುತ್ತದೆ. ಅಲ್ಲಿ ಕನ್ನಿಕೆ ಬಂದು ಕೂಡುತ್ತದೆ. ಮೂರನೆಯದು, ಸುಜ್ಯೋತಿ, ಗುಪ್ತಗಾಮಿನಿ ಎನ್ನುತ್ತಾರೆ. ಇಳಿದು ಅಡಗಿ ಮತ್ತೆ ಕಾಣಿಸಿಕೊಳ್ಳುವ ನೀರು ಎಂಬ ಮಾತನ್ನು ಜಲವಿಜ್ಞಾನದವರೂ ಇದೇ ಅರ್ಥದಲ್ಲಿ ಹೇಳುತ್ತಾರೆ. ಕಥೆಯಲ್ಲಿ ಬರುವ ಜಾಗಗಳನ್ನೂ ನೋಡಿ: ಉಗಮ, ಸಂಗಮ, ತಿರುವು. ಹತ್ತೊಂಬತ್ತನೇ ಶತಮಾನದ ಪುಸ್ತಕಗಳಲ್ಲಿ ನದಿ ಬಿಡಿಬಿಡಿಯಾಗಿ ಕಾಣಿಸಿಕೊಳ್ಳುವುದೂ ಹೆಚ್ಚುಕಡಿಮೆ ಹೀಗೆಯೇ. ಬಲಮುರಿಯಲ್ಲಿ ಹೊಳೆಯ ಎರಡೂ ದಂಡೆಗಳಲ್ಲಿ ಗುಡಿಗಳಿವೆ. ಎರಡು ಕಡೆಯ ಜನ ಕೂಡುತ್ತಿದ್ದ ಜಾಗ ಅದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೊಡಗಿನವರು ಕಾವೇರಿಯತ್ತ ಮಾಡುತ್ತಿದ್ದ ದೊಡ್ಡ ಕಾಲ್ನಡಿಗೆ ಅಕ್ಟೋಬರಿನ ನಡುವಿನಲ್ಲಿ ಬರುವ ತುಲಾ ಸಂಕ್ರಮಣದ್ದು. ತೀರ್ಥೋದ್ಭವಕ್ಕೆಂದು, ಅಂದರೆ ಕುಂಡಿಕೆಯಲ್ಲಿ ನೀರು ಉಕ್ಕುವುದನ್ನು ಕಾಣಲೆಂದು, ಎಲ್ಲ ನಾಡುಗಳಿಂದ ಜನ ಭಾಗಮಂಡಲಕ್ಕೆ ಬಂದು, ಸಂಗಮದಲ್ಲಿ ಮಿಂದು, ಬೆಟ್ಟ ಹತ್ತುತ್ತಿದ್ದರು. ಮರುದಿನ ಮನೆಗಳಲ್ಲಿ ಕಣಿ ಪೂಜೆ. ತೆಂಗಿನಕಾಯಿಗೋ ಸೌತೆಕಾಯಿಗೋ ರೇಷ್ಮೆ ಬಟ್ಟೆ ಸುತ್ತಿ, ಬಳೆ, ಪತ್ತಾಕು ತೊಡಿಸಿ ಕಾವೇರಮ್ಮ ಎಂದು ಪೂಜಿಸುತ್ತಾರೆ. ಈ ನಡಿಗೆಯ ದಿನಾಂಕ ಶಾಸ್ತ್ರದ್ದಾದರೂ ಕಾಲಕ್ಕೆ ಒಂದು ಲೆಕ್ಕವಿದೆ. ಕಕ್ಕಡ ಮಾಸದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಕೊಡಗಿನಲ್ಲಿ ಯಾರೂ ದೂರ ಹೋಗುತ್ತಿರಲಿಲ್ಲ. ನಾಟಿಯ ಕೆಲಸ, ಎಡೆಬಿಡದ ಮಳೆ, ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ. ಅಕ್ಟೋಬರಿಗೆ ಮಳೆ ಹಿಂದೆ ಸರಿಯುತ್ತದೆ, ಹೊಳೆ ತುಂಬಿದ್ದರೂ ಹುಚ್ಚು ಇಳಿದಿರುತ್ತದೆ, ಪೈರು ಇನ್ನೂ ಕೊಯ್ಲಿಗೆ ಬಂದಿರುವುದಿಲ್ಲ. ನಡೆಯಲು ಬಿಡುವು ಸಿಗುವುದೇ ಆಗ. ಹೊರಗಿನಿಂದ ಬಂದ ಬರಹಗಾರರು ಬೇಸಿಗೆಯನ್ನು ಆರಿಸಿಕೊಳ್ಳಬಹುದಿತ್ತು. ಆದರೆ ಪೂರ್ವದ ಬಿದಿರುಕಾಡಿನ ಪಟ್ಟಿಯಲ್ಲಿ ಮುಂಗಾರಿಗೆ ಮುನ್ನಿನ ತಿಂಗಳುಗಳು ಚಳಿಜ್ವರದ ತಿಂಗಳುಗಳು. ದುಬಾರೆಯಿಂದ ಕುಶಾಲನಗರದವರೆಗಿನ ದಂಡೆ ಆಗ ಅದೇ ಪಟ್ಟಿಯಲ್ಲಿತ್ತು. ಜ್ವರ ಸೊಳ್ಳೆಯಿಂದ ಬರುತ್ತದೆ ಎಂಬುದು ಶತಮಾನದ ಕೊನೆಯವರೆಗೂ ಯಾರಿಗೂ ಗೊತ್ತಿರಲಿಲ್ಲ, ಕಾಡಿನ ಕೆಟ್ಟ ಗಾಳಿ ಎಂದೇ ಎಲ್ಲರ ನಂಬಿಕೆ. ಆ ದಂಡೆಯಲ್ಲಿ ರಾತ್ರಿ ತಂಗುವುದಕ್ಕೆ ಹೆದರಿದವರನ್ನು ದೂರುವಂತಿಲ್ಲ.

ಕಾಫಿ ಬಂದ ಮೇಲೆ ನಡಿಗೆ ಇನ್ನಷ್ಟು ಬದಲಾಯಿತು. ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ತೋಟ ಶುರುವಾದದ್ದು 1854ರಲ್ಲಿ, ಮೋಗ್ಲಿಂಗ್ ಪುಸ್ತಕ ಬರುವ ಹಿಂದಿನ ವರ್ಷ. ರಿಕ್ಟರ್ ಬರೆಯುವ ಹೊತ್ತಿಗೆ ತೋಟಗಳು ಹಬ್ಬಿ, 1860ರ ದಶಕದ ಮಧ್ಯದಲ್ಲಿ ಕಾಂಡಕೊರಕದ ಹಾವಳಿಯನ್ನೂ ಕಂಡಿದ್ದವು. ಈಗ ಬೇತ್ರಿಯಿಂದ ಕೆಳಗೆ ಎರಡೂ ದಂಡೆಗಳಲ್ಲಿ ನೀರಿನ ಅಂಚಿನವರೆಗೂ ತೋಟಗಳಿವೆ. ಬೇಲಿ, ಗೇಟು, ಆನೆಗೆಂದು ಹಾಕಿದ ಸೋಲಾರ್ ತಂತಿ. ಕಾನರ್ ಕಾಲದಲ್ಲಿ ದಂಡೆಯಲ್ಲಿ ನಡೆಯಲು ಕಾಡು ಬಿಡುತ್ತಿರಲಿಲ್ಲ, ಈಗ ಖಾತೆದಾರರು ಬಿಡುವುದಿಲ್ಲ. ಆನೆಗಳಂತೂ ಆಗಲೂ ಈಗಲೂ ಯಾರನ್ನೂ ಕೇಳುವುದಿಲ್ಲ.

ದಂಡೆಯ ಪೈಸಾರಿಯಲ್ಲಿ, ಅಂದರೆ ಸರ್ಕಾರಿ ನೆಲದಲ್ಲಿ, ಮನೆ ಕಟ್ಟಿಕೊಂಡವರದು ಇನ್ನೊಂದು ಕಥೆ. ತೋಟದ ಕೆಲಸಕ್ಕೆ ಬಂದ ಕುಟುಂಬಗಳಿಗೆ ಸಿಕ್ಕ ನೆಲ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಹೊಳೆಬದಿ. ಹಿಂದಿನವರು ಯಾಕೆ ಅಲ್ಲಿ ಐನ್‌ಮನೆ ಕಟ್ಟಲಿಲ್ಲ ಎಂಬುದನ್ನು 2018 ಮತ್ತು 2019ರ ಆಗಸ್ಟ್ ತಿಂಗಳ ಪ್ರವಾಹಗಳು ತೋರಿಸಿಕೊಟ್ಟವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟವೇ ಕುಸಿಯಿತು, ಅರ್ಚಕರ ಕುಟುಂಬ ಮಣ್ಣಿನಡಿ ಸಿಕ್ಕಿತು. ಇಳಿಜಾರು, ಮಳೆ, ಮಣ್ಣು ಇವುಗಳ ಲೆಕ್ಕ ಎರಡು ಶತಮಾನಗಳಲ್ಲಿ ಬದಲಾಗಿಲ್ಲ, ಅವುಗಳ ಮೇಲೆ ನಾವು ಇಟ್ಟಿರುವ ಭಾರ ಬದಲಾಗಿದೆ.

ಇಷ್ಟಾಗಿಯೂ ಹಳೆಯವರ ಜಾಡಿನಲ್ಲಿ ನಡೆಯಬೇಕು ಎನ್ನುವವರು ದಂಡೆಯ ಹಟ ಬಿಡಬೇಕು. ಅವರಂತೆಯೇ ನದಿಯನ್ನು ಬಿಂದುಗಳಲ್ಲಿ ಮುಟ್ಟುವುದು ಸರಿ. ಬ್ರಹ್ಮಗಿರಿಯ ತುದಿ, ಭಾಗಮಂಡಲದ ಸಂಗಮ, ನಾಪೋಕ್ಲುವಿನ ಚೆರಿಯಪರಂಬು, ಬಲಮುರಿ, ಬೇತ್ರಿ ಸೇತುವೆ, ಕರಡಿಗೋಡು, ದುಬಾರೆ, ಕುಶಾಲನಗರದ ಬಳಿಯ ನಿಸರ್ಗಧಾಮದ ದ್ವೀಪ, ಹಾರಂಗಿ ಬಂದು ಸೇರುವ ಕೂಡಿಗೆ, ರಾಮಲಿಂಗೇಶ್ವರನ ಗುಡಿಯಿರುವ ಕಣಿವೆ ಎಂಬ ಊರು. ಇವುಗಳ ನಡುವೆ ಊರದಾರಿ, ಏಣಿನ ದಾರಿ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಕೈಯಲ್ಲಿ ರಿಕ್ಟರ್ ಪುಸ್ತಕವಿದ್ದರೆ, ಒಂದೊಂದು ಬಿಂದುವಿನಲ್ಲೂ ನಿಂತು ಅವರು ಅಲ್ಲಿ ಏನು ಕಂಡರು, ಏನನ್ನು ಬಿಟ್ಟರು ಎಂದು ತಾಳೆ ನೋಡಬಹುದು.

ಕುಶಾಲನಗರದಿಂದ ಕೆಳಗೆ ಇನ್ನೊಂದು ಸಮಸ್ಯೆ ಎದುರಾಗುತ್ತದೆ. 1834ರ ನಂತರ ಕಮಿಷನರ್ ಫ್ರೇಸರ್ ಹೆಸರಿನಲ್ಲಿ ಫ್ರೇಸರ್‌ಪೇಟೆ ಎನಿಸಿಕೊಂಡಿದ್ದ ಈ ಊರಿನ ಎದುರು ದಂಡೆ ಕೊಪ್ಪ, ಅದು ಪಿರಿಯಾಪಟ್ಟಣ ತಾಲ್ಲೂಕು. ಇಲ್ಲಿಂದ ಶಿರಂಗಾಲದ ಕಡೆಗೆ ಕಾವೇರಿಯೇ ಗಡಿ. ಇಂದು ಎರಡು ಜಿಲ್ಲೆಗಳ ನಡುವಿನ ಗೆರೆ, 1956ಕ್ಕೆ ಮುಂಚೆ ಎರಡು ರಾಜ್ಯಗಳ ನಡುವಿನ ಗೆರೆ. ಕೊಡಗಿನ ಕೈಪಿಡಿ ಬರೆದವರಿಗೆ ನೀರಿನ ಆಚೆಯ ದಂಡೆ ಪರನಾಡು, ಅದರ ಬಗ್ಗೆ ಬರೆಯುವ ಹೊಣೆ ಅವರದಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಲೂಯಿಸ್ ರೈಸ್ ಮೈಸೂರು ಮತ್ತು ಕೊಡಗು ಎರಡನ್ನೂ ಸೇರಿಸಿ 1876ರಿಂದ 1878ರ ನಡುವೆ ಮೂರು ಸಂಪುಟಗಳ ಗೆಜೆಟಿಯರ್ ತಂದರು. ಅವರೂ ಗಡಿಯನ್ನು ಮೀರಲಿಲ್ಲ. ಹಾಗಾಗಿ ಕಣಿವೆ ಊರಿನ ಬಳಿ ನಿಂತು ರೈಸ್ ಅವರನ್ನು ಓದಬಯಸುವವರು ಎರಡು ಸಂಪುಟಗಳನ್ನು ಹೊತ್ತುಕೊಂಡು ಹೋಗಬೇಕು. ಹೊಳೆಯ ಎಡದಂಡೆ ಮೂರನೆಯ ಸಂಪುಟದಲ್ಲಿದೆ, ಬಲದಂಡೆ ಎರಡನೆಯದರಲ್ಲಿ.